ಕಥೆ ಗೊತ್ತಿದ್ದರೂ ಯಾಕೆ ಕೂತು ನೋಡುತ್ತೇವೆ? ರುದ್ರನಾಟಕದ ಹಂದರ ಬಿಚ್ಚಿ ನೋಡೋಣ

ಕಳೆದ ತಿಂಗಳು ಬಾಗಲಕೋಟೆ ನವನಗರದ ಕಾಲೇಜೊಂದರ ಮೈದಾನದಲ್ಲಿ ಹುಡುಗರು ಎರಡು ರಾತ್ರಿ ‘ಈಡಿಪಸ್’ ನಾಟಕ ಆಡಿದರು. ನಮ್ಮಣ್ಣನ ಮಗಳು ಅಲ್ಲೇ ಬಿ.ಎ. ಓದುತ್ತಾಳೆ. ಲೈಟಿನ ಕೆಲಸ ಅವಳದು. ಮೊದಲ ರಾತ್ರಿ ಆಟ ಮುಗಿಸಿ ಮನೆಗೆ ಬರುವಾಗ ಗಾಡಿ ಮೇಲೆ ಹಿಂದೆ ಕೂತು ಕೇಳಿದಳು:

“ಕಾಕಾ, ಒಂದ್ ಮಾತು ಕೇಳ್ತೀನಿ, ಬೈಬ್ಯಾಡ್ರಿ. ಅಪ್ಪನ್ನ ಕೊಂದಾಂವ ಇಂವನ ಅಂತ ಎಲ್ಲಾರಿಗೂ ಮೊದಲ ಗೊತ್ತೈತಿ. ಕೈಯಾಗಿನ ಹಾಳ್ಯಾಗೂ ಬರದಾರ. ಮತ್ತ ಎರಡು ತಾಸು ಜನಾ ಅಲುಗಾಡದ ಯಾಕ ಕುಂತ್ರು?”

ಮರುದಿನ ಅವಳ ನೋಟ್‌ಬುಕ್ ನೋಡಿದೆ. ಪರೀಕ್ಷೆಗೆ ಬರಬಹುದಾದ ಪ್ರಶ್ನೆ ಅಂತ ಕೆಂಪು ಪೆನ್ನಲ್ಲಿ ಬರೆದಿತ್ತು: ‘ಈಡಿಪಸ್ ನಾಟಕದ ಕಥಾಹಂದರವನ್ನು ವಿಶ್ಲೇಷಿಸಿ.’ ಕೆಳಗೆ ಹತ್ತು ಗ್ರೀಕ್ ಶಬ್ದ, ಒಂದೊಂದಕ್ಕೆ ಒಂದೊಂದು ಸಾಲಿನ ಅರ್ಥ. ಬಾಯಿಪಾಠ ಮಾಡಿದರೆ ಪಾಸಾಗುತ್ತಾಳೆ. ಆದರೆ ಗಾಡಿ ಮೇಲೆ ಕೇಳಿದ ಪ್ರಶ್ನೆ ಇದೆಯಲ್ಲ, ಅದಕ್ಕೆ ಆ ಹತ್ತು ಸಾಲಿನಲ್ಲಿ ಉತ್ತರ ಇರಲಿಲ್ಲ. ಎರಡೂ ಪ್ರಶ್ನೆ ಒಂದೇ ಅಂತ ನನಗೆ ಅನ್ನಿಸುತ್ತದೆ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ನಾಟಕ ಓದಿಲ್ಲದವರಿಗೂ ತಿಳಿಯಬೇಕು ಅಂತ ಬುಡದಿಂದಲೇ ಶುರು ಮಾಡುತ್ತೇನೆ.

ಹಂದರ ಅಂದರೆ ಏನು?

ಹಂದರ ನಮಗೆ ಗೊತ್ತಿರುವುದೇ. ಮದುವೆ ಮನೆ ಮುಂದೆ ಹಾಕುತ್ತೇವೆ. ಕಂಬ ಎಲ್ಲಿ ನೆಡಬೇಕು, ಬಾಗಿಲು ಯಾವ ಕಡೆ ಬಿಡಬೇಕು, ಒಳಗೆ ಬಂದವರಿಗೆ ಮೊದಲು ಏನು ಕಾಣಬೇಕು, ಊಟದ ಪಂಕ್ತಿ ಎಲ್ಲಿ ಕೂರಬೇಕು, ಇದೆಲ್ಲ ಹಂದರ ಹಾಕುವಾಗಲೇ ತೀರ್ಮಾನ ಆಗಿರುತ್ತದೆ. ಮದುವೆ ಅದೇ ಮದುವೆ. ಹಂದರ ಬದಲಾದರೆ ಬಂದವರು ನೋಡುವ ರೀತಿ ಬದಲಾಗುತ್ತದೆ.

ನಾಟಕದಲ್ಲೂ ಹಾಗೆ. ಕಥೆ ಅಂದರೆ ನಡೆದದ್ದು, ನಡೆದ ಕ್ರಮದಲ್ಲಿ. ಹಂದರ ಅಂದರೆ ಅದರಲ್ಲಿ ಯಾವುದನ್ನು ಮೊದಲು ತೋರಿಸಬೇಕು, ಯಾವುದನ್ನು ಮುಚ್ಚಿಡಬೇಕು, ಯಾರಿಗೆ ಯಾವಾಗ ಗೊತ್ತಾಗಬೇಕು ಅನ್ನುವ ಜೋಡಣೆ. ಯಾರಿಗೆ ಯಾವಾಗ ಏನು ಗೊತ್ತು? ಈ ಒಂದು ಪ್ರಶ್ನೆ ಕೈಯಲ್ಲಿ ಹಿಡಿದುಕೊಂಡರೆ ಎಂಥ ಹಳೆಯ ನಾಟಕವೂ ಬಿಚ್ಚಿಕೊಳ್ಳುತ್ತದೆ.

ಇನ್ನು ರುದ್ರನಾಟಕ. ಟ್ರ್ಯಾಜಿಡಿಗೆ ಕನ್ನಡದಲ್ಲಿ ಬಿ.ಎಂ.ಶ್ರೀ ಬಳಸಿದ ಹೆಸರು ಇದು. ದುರಂತ ನಾಟಕ ಅಂತಲೂ ಹೇಳುತ್ತೇವೆ. ಕೊನೆಗೆ ಯಾರೋ ಸತ್ತರೆ ಅದು ದುರಂತ ಅಂದುಕೊಳ್ಳುವವರು ಜಾಸ್ತಿ. ಈಡಿಪಸ್ ನಾಟಕದ ಕೊನೆಯಲ್ಲಿ ಈಡಿಪಸ್ ಸಾಯುವುದೇ ಇಲ್ಲ. ದೊಡ್ಡವನೊಬ್ಬ ತನ್ನ ಕೈಯಾರೆ ಮಾಡಿದ ಕೆಲಸದಿಂದಲೇ ಮೇಲಿಂದ ಕೆಳಗೆ ಬೀಳುವುದು, ಬಿದ್ದದ್ದು ಅವನಿಗೇ ತಿಳಿಯುವುದು, ಇದು ದುರಂತ.

ಮೊದಲು ಕಥೆ, ನೇರವಾಗಿ

ಥೀಬ್ಸ್ ಅನ್ನುವ ಊರಿನ ರಾಜ ಲೇಯಸ್, ರಾಣಿ ಜೊಕಾಸ್ಟಾ. ಹುಟ್ಟುವ ಮಗ ಅಪ್ಪನನ್ನೇ ಕೊಲ್ಲುತ್ತಾನೆ ಅಂತ ದೈವವಾಣಿ ಆಗಿರುತ್ತದೆ. ಕೂಸು ಹುಟ್ಟಿದ ಕೂಡಲೇ ಕಾಲಿನ ಹಿಮ್ಮಡಿ ಚುಚ್ಚಿ ಕಟ್ಟಿ, ಗುಡ್ಡದಲ್ಲಿ ಬಿಟ್ಟು ಬಾ ಅಂತ ಒಬ್ಬ ಕುರುಬನ ಕೈಗೆ ಕೊಡುತ್ತಾರೆ. ಅವನಿಗೆ ಮನಸ್ಸು ಬರಲಿಲ್ಲ. ಕೊರಿಂತ್ ಊರಿನಿಂದ ಕುರಿ ಮೇಯಿಸಲು ಬಂದ ಇನ್ನೊಬ್ಬನಿಗೆ ಕೂಸು ಕೊಟ್ಟುಬಿಟ್ಟ. ಆ ಊರಿನ ರಾಜ ಪಾಲಿಬಸ್‌ಗೆ ಮಕ್ಕಳಿರಲಿಲ್ಲ. ಕೂಸು ಅರಮನೆಯಲ್ಲಿ ಬೆಳೆಯಿತು. ಕಾಲು ಊದಿದ್ದಕ್ಕೆ ಈಡಿಪಸ್ ಅಂತ ಹೆಸರು. ಗ್ರೀಕ್ ಭಾಷೆಯಲ್ಲಿ ಊದಿದ ಪಾದ ಅಂತಲೇ ಅರ್ಥ.

ದೊಡ್ಡವನಾದ ಮೇಲೆ ಒಂದು ಊಟದಲ್ಲಿ ಕುಡಿದವನೊಬ್ಬ “ನೀನು ನಿಮ್ಮಪ್ಪನ ಮಗ ಅಲ್ಲ” ಅನ್ನುತ್ತಾನೆ. ಮನಸ್ಸಿಗೆ ಹುಳ ಹೊಕ್ಕಿತು. ಡೆಲ್ಫಿಯ ದೇವಸ್ಥಾನಕ್ಕೆ ಹೋಗಿ ಕೇಳಿದ. ದೇವರು ಅದಕ್ಕೆ ಉತ್ತರ ಕೊಡಲಿಲ್ಲ. ನೀನು ಅಪ್ಪನನ್ನು ಕೊಲ್ಲುತ್ತೀ, ತಾಯಿಯನ್ನು ಮದುವೆ ಆಗುತ್ತೀ ಅಂದಿತು ವಾಣಿ. ಹೆದರಿ ಕೊರಿಂತ್ ಊರಿಗೆ ವಾಪಸ್ಸೇ ಹೋಗಲಿಲ್ಲ. ಮೂರು ದಾರಿ ಕೂಡುವ ಜಾಗದಲ್ಲಿ ಗಾಡಿಯಲ್ಲಿ ಬಂದ ಮುದುಕನೊಬ್ಬನ ಜೊತೆ ದಾರಿಗಾಗಿ ಜಗಳ ಆಯಿತು. ಮುದುಕನನ್ನೂ ಅವನ ಆಳುಗಳನ್ನೂ ಕೊಂದ. ಮುಂದೆ ಥೀಬ್ಸ್ ಊರಿನ ಬಾಗಿಲಲ್ಲಿ ಒಗಟು ಕೇಳಿ ಜನರನ್ನು ತಿನ್ನುತ್ತಿದ್ದ ಸ್ಫಿಂಕ್ಸ್‌ಗೆ ಸರಿಯಾದ ಉತ್ತರ ಹೇಳಿ ಊರನ್ನು ಉಳಿಸಿದ. ಜನ ಅವನನ್ನೇ ರಾಜ ಮಾಡಿದರು. ವಿಧವೆ ರಾಣಿಯ ಜೊತೆ ಮದುವೆ ಆಯಿತು. ನಾಲ್ಕು ಮಕ್ಕಳಾದರು. ವರ್ಷಗಳು ಕಳೆದವು.

ಇಷ್ಟು ಕಥೆಯಲ್ಲಿ ವೇದಿಕೆ ಮೇಲೆ ಎಷ್ಟು ಬರುತ್ತದೆ ಗೊತ್ತಾ? ಒಂದು ತುಣುಕೂ ಬರುವುದಿಲ್ಲ. ಕೊಲೆ ಇಲ್ಲ, ಒಗಟು ಇಲ್ಲ, ಮದುವೆ ಇಲ್ಲ. ನಾಟಕ ಶುರುವಾಗುವುದೇ ಇದೆಲ್ಲ ಮುಗಿದ ಮೇಲೆ.

ಕೊನೆಯ ದಿನದಿಂದ ಯಾಕೆ ಶುರು?

ಗ್ರೀಕ್ ನಾಟಕಕಾರ ಸೊಫೊಕ್ಲಿಸ್ ಈ ನಾಟಕವನ್ನು ಅಥೆನ್ಸ್‌ನಲ್ಲಿ ಆಡಿಸಿದ್ದು ಸುಮಾರು ಕ್ರಿ.ಪೂ. 429ರಲ್ಲಿ. ಬಯಲಿನಲ್ಲಿ, ಗುಡ್ಡದ ಇಳಿಜಾರಿನಲ್ಲಿ ಕೂತ ಸಾವಿರಾರು ಜನರ ಮುಂದೆ. ಅವರಿಗೂ ಕಥೆ ಗೊತ್ತಿತ್ತು. ಅವನಿಗೆ ಅದು ತೊಡಕಾಗಲಿಲ್ಲ, ಅದೇ ಅನುಕೂಲ ಆಯಿತು.

ನಾಟಕ ಶುರುವಾಗುವಾಗ ಥೀಬ್ಸ್‌ನಲ್ಲಿ ಪಿಡುಗು. ಬೆಳೆ ಒಣಗಿದೆ, ದನ ಸಾಯುತ್ತಿವೆ, ಹೆಂಗಸರಿಗೆ ಹೆರಿಗೆಯಲ್ಲಿ ಕೂಸು ಉಳಿಯುತ್ತಿಲ್ಲ. ಜನ ಅರಮನೆ ಮುಂದೆ ಕೂತಿದ್ದಾರೆ. ರಾಜ ಹೊರಗೆ ಬಂದು, ಮಕ್ಕಳೇ ಏನಾಯಿತು ಅನ್ನುತ್ತಾನೆ. ಅಲ್ಲಿಂದ ಕೊನೆಯವರೆಗೆ ಒಂದೇ ಜಾಗ, ಒಂದೇ ದಿನ. ಸುಮಾರು 1,500 ಸಾಲು.

ಹೊಳೆ ಬಂದಾಗ ನೀರು ಮೇಲಿಂದ ಬರುತ್ತದೆ, ಸಪ್ಪಳ ಮಾಡುತ್ತ ಬರುತ್ತದೆ. ಆಲಮಟ್ಟಿಯ ಹಿನ್ನೀರು ಹಾಗಲ್ಲ ಅಲ್ವಾ? ಹಳೇ ಬಾಗಲಕೋಟೆಯವರಿಗೆ ಹೇಳಬೇಕಾಗಿಲ್ಲ. ಅದು ಕೆಳಗಿನ ಕಡೆಯಿಂದ ಬರುತ್ತದೆ. ಮೊದಲು ತಗ್ಗಿನ ಹೊಲ ತೇವ ಆಗುತ್ತದೆ, ಆಮೇಲೆ ಹಿತ್ತಲು, ಆಮೇಲೆ ಪಡಸಾಲೆ. ಈ ನಾಟಕದಲ್ಲಿ ಈಡಿಪಸ್‌ನ ಕಡೆ ಬರುವುದು ಹಿನ್ನೀರು. ಮುಂದೆ ಏನೂ ಹೊಸದು ಘಟಿಸುತ್ತಿಲ್ಲ. ಹಿಂದೆ ನಡೆದು ನಿಂತದ್ದೇ ತಿರುಗಿ ಏರುತ್ತಿದೆ.

ಈ ತರಹದ ಹಂದರ ದೂರದ ಗ್ರೀಸ್‌ನದು ಮಾತ್ರ ಅಂತ ತಿಳಿಯಬೇಡಿ. ನಮ್ಮ ಮುಧೋಳದ ರನ್ನ 10ನೇ ಶತಮಾನದಲ್ಲಿ ಇದೇ ಕೆಲಸ ಮಾಡಿದ್ದಾನೆ. ‘ಸಾಹಸಭೀಮ ವಿಜಯ’, ಅಂದರೆ ನಾವು ‘ಗದಾಯುದ್ಧ’ ಅಂತ ಕರೆಯುವ ಕಾವ್ಯ, ಮಹಾಭಾರತ ಯುದ್ಧದ ಕೊನೆಗೆ ಬಂದು ಶುರುವಾಗುತ್ತದೆ. ಭೀಷ್ಮ ಬಾಣಗಳ ಮೇಲೆ ಮಲಗಿದ್ದಾನೆ, ದ್ರೋಣ ಇಲ್ಲ, ಕರ್ಣ ಇಲ್ಲ, ದುರ್ಯೋಧನನ ತಮ್ಮಂದಿರು ಇಲ್ಲ. ಹಿಂದಿನದನ್ನೆಲ್ಲ ರನ್ನ ಆಗಾಗ ತಿರುಗಿ ನೋಡುತ್ತ ಹೇಳುತ್ತಾನೆ. ಅದಕ್ಕೆ ಅವನೇ ಇಟ್ಟ ಹೆಸರು ಸಿಂಹಾವಲೋಕನ. ಸಿಂಹ ನಾಲ್ಕು ಹೆಜ್ಜೆ ನಡೆದು ನಿಂತು ಹಿಂದೆ ನೋಡುತ್ತದಲ್ಲ, ಹಾಗೆ. ಕಾವ್ಯವಾದರೂ ಅದರ ಮೈಯೆಲ್ಲ ನಾಟಕ. ಬಿ.ಎಂ.ಶ್ರೀ 1926ರಲ್ಲಿ ಅದನ್ನೇ ‘ಗದಾಯುದ್ಧ ನಾಟಕಂ’ ಮಾಡಿದರು. ದುರ್ಯೋಧನ ಅಲ್ಲಿ ನೇರವಾಗಿ ರುದ್ರನಾಟಕದ ನಾಯಕನಾಗಿ ನಿಂತ.

ಗಂಟು ಬೀಳುವುದು

ಸೊಫೊಕ್ಲಿಸ್ ಆದ ಮೇಲೆ ಸುಮಾರು ನೂರು ವರ್ಷಕ್ಕೆ ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲ್ ನಾಟಕಗಳ ಬಗ್ಗೆ ಒಂದು ಚಿಕ್ಕ ಗ್ರಂಥ ಬರೆದ. ಹೆಸರು ‘ಪೊಯೆಟಿಕ್ಸ್’. ಟ್ರ್ಯಾಜಿಡಿಯ ಜೀವ ಇರುವುದು ಹಂದರದಲ್ಲಿ, ಪಾತ್ರ ಆಮೇಲೆ ಅಂದ. ಪ್ರತಿ ಟ್ರ್ಯಾಜಿಡಿಗೂ ಎರಡು ಭಾಗ ಅಂದ: ಗಂಟು ಹಾಕುವುದು, ಗಂಟು ಬಿಚ್ಚುವುದು. ಇದು ತುಂಬ ಸರಳ, ಆದರೆ ಬಹಳ ಕೆಲಸಕ್ಕೆ ಬರುವ ಮಾತು.

ಗಂಟು ಹೇಗೆ ಬೀಳುತ್ತದೆ ನೋಡಿ. ರಾಣಿಯ ಒಡಹುಟ್ಟಿದವನಾದ ಕ್ರಿಯಾನ್ ಡೆಲ್ಫಿಯಿಂದ ಸುದ್ದಿ ತರುತ್ತಾನೆ. ಲೇಯಸ್‌ನನ್ನು ಕೊಂದವನು ಊರಲ್ಲೇ ಇದ್ದಾನೆ, ಅವನನ್ನು ಹೊರಗೆ ಹಾಕಿದರೆ ಪಿಡುಗು ಹೋಗುತ್ತದೆ. ಈ ಸುದ್ದಿ ಹೇಳುವ ಮುಂಚೆ ಕ್ರಿಯಾನ್ ಒಂದು ಮಾತು ಕೇಳುತ್ತಾನೆ: ಎಲ್ಲರ ಮುಂದೆ ಹೇಳಲೋ, ಒಳಗೆ ಹೋಗೋಣವೋ? ಈಡಿಪಸ್ ಎಲ್ಲರ ಮುಂದೆಯೇ ಹೇಳು ಅನ್ನುತ್ತಾನೆ. ಒಳ್ಳೆಯ ರಾಜ ಇನ್ನೇನು ಹೇಳಬೇಕು? ಆ ಒಳ್ಳೆಯತನದಲ್ಲೇ ಮೊದಲ ಗಂಟು ಬಿತ್ತು.

ಆಮೇಲೆ ಊರ ಮುಂದೆ ನಿಂತು ಕೊಲೆಗಾರನಿಗೆ ಶಾಪ ಹಾಕುತ್ತಾನೆ. ಅವನಿಗೆ ಯಾರೂ ಆಸರೆ ಕೊಡಬಾರದು, ಮಾತಾಡಿಸಬಾರದು, ನನ್ನ ಮನೆಯಲ್ಲೇ ಇದ್ದರೂ ಈ ಶಾಪ ನನಗೇ ತಟ್ಟಲಿ. ಕೇಳುತ್ತ ಕೂತವರ ಹೊಟ್ಟೆಯಲ್ಲಿ ಇಲ್ಲೇ ಸಂಕಟ ಶುರು. ಯಾಕೆಂದರೆ ಅವರಿಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಪುಸ್ತಕಗಳಲ್ಲಿ ಇದನ್ನು ನಾಟಕೀಯ ವ್ಯಂಗ್ಯ ಅನ್ನುತ್ತಾರೆ. ವ್ಯಂಗ್ಯ ಅಂದ ಕೂಡಲೇ ಚುಚ್ಚುಮಾತು ಅಂದುಕೊಳ್ಳಬೇಡಿ. ಪಾತ್ರ ಆಡಿದ ಒಂದೇ ಮಾತಿಗೆ ಅವನ ಕಿವಿಯಲ್ಲಿ ಒಂದು ಅರ್ಥ, ನಮ್ಮ ಕಿವಿಯಲ್ಲಿ ಇನ್ನೊಂದು ಅರ್ಥ ಇದ್ದರೆ ಅದೇ ಇದು. ಕಥೆ ಮೊದಲೇ ಗೊತ್ತಿಲ್ಲದಿದ್ದರೆ ಆ ಎರಡನೆಯ ಅರ್ಥ ಕೇಳಿಸುವುದೇ ಇಲ್ಲ. ನಮ್ಮ ಹುಡುಗಿಯ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿದೆ.

ಬೈಲಹೊಂಗಲ ಕಡೆಯ ಸಣ್ಣಾಟ ‘ಸಂಗ್ಯಾ ಬಾಳ್ಯಾ’ ನೋಡಿದವರಿಗೆ ಇದು ಹೊಸದಲ್ಲ. ಸಂಗ್ಯಾ ಕೊಲೆಯಾಗುತ್ತಾನೆ ಅಂತ ಮಕ್ಕಳಿಗೂ ಗೊತ್ತು. ಆದರೂ ಅವನು ಗೆಳೆಯನ ಹೆಗಲ ಮೇಲೆ ಕೈ ಹಾಕಿ ನಕ್ಕಾಗ ಚಾಪೆ ಮೇಲೆ ಕೂತ ಅಜ್ಜಿಯರು ‘ಅಯ್ಯೋ ಶಿವನೇ’ ಅನ್ನುತ್ತಾರೆ.

ಮುಂದೆ ಕುರುಡ ಜ್ಞಾನಿ ಟೈರಿಸಿಯಸ್ ಬರುತ್ತಾನೆ. ಮನೆಗೆ ಹೋಗಲು ಬಿಡು, ನಾನು ಹೇಳುವುದಿಲ್ಲ ಅನ್ನುತ್ತಾನೆ. ಈಡಿಪಸ್ ಬಿಡುವುದಿಲ್ಲ, ಬೈಯುತ್ತಾನೆ, ನೀನೂ ಆ ಕೊಲೆಯಲ್ಲಿ ಪಾಲುದಾರ ಅನ್ನುತ್ತಾನೆ. ಆಗ ಮುದುಕ ಸಿಟ್ಟಿಗೆದ್ದು ಹೇಳಿಯೇಬಿಡುತ್ತಾನೆ: ನೀನು ಹುಡುಕುವ ಕೊಲೆಗಾರ ನೀನೇ. ನಾಟಕದ ಮೂರನೇ ಒಂದು ಭಾಗವೂ ಮುಗಿದಿಲ್ಲ, ನಿಜ ಹೊರಗೆ ಬಿತ್ತು! ಯಾರೂ ನಂಬಲಿಲ್ಲ ಅಷ್ಟೇ. ಇದು ನನಗೆ ಬಹಳ ದೊಡ್ಡ ಕುಶಲತೆ ಅನ್ನಿಸುತ್ತದೆ. ಗುಟ್ಟನ್ನು ಮುಚ್ಚಿಟ್ಟು ಕುತೂಹಲ ಹುಟ್ಟಿಸುವುದು ಸುಲಭ. ಗುಟ್ಟನ್ನು ಬಯಲಲ್ಲಿ ಇಟ್ಟು, ಅದರ ಮೇಲೇ ಕಾಲಿಟ್ಟು ಓಡಾಡುವವನನ್ನು ತೋರಿಸುವುದು ಕಷ್ಟ.

ಸಿಹಿ ಸುದ್ದಿ ತಂದವನು

ಈಗ ಗಂಟು ಬಿಚ್ಚುವ ಜಾಗ. ಅರಿಸ್ಟಾಟಲ್ ಇಲ್ಲಿ ಎರಡು ಮಾತು ಬಳಸುತ್ತಾನೆ. ಒಂದು, ತಿರುವು. ಸುಮ್ನೆ ‘ಅಚಾನಕ್ ಏನೋ ಆಯಿತು’ ಅನ್ನುವ ತಿರುವು ಅಲ್ಲ. ಒಳ್ಳೆಯದಾಗಲಿ ಅಂತ ಮಾಡಿದ ಕೆಲಸ ನೇರ ಉಲ್ಟಾ ಆಗುವುದು. ಎರಡು, ಗುರುತು ಹತ್ತುವುದು. ಗೊತ್ತಿಲ್ಲದ್ದು ಗೊತ್ತಾಗುವುದು, ಎದುರಿಗಿದ್ದವರು ಯಾರು ಅಂತ, ತಾನು ಯಾರು ಅಂತ. ಈ ಎರಡೂ ಒಟ್ಟಿಗೆ ಆದರೆ ಹಂದರ ಅತಿ ಗಟ್ಟಿ ಅಂತ ಹೇಳಿ, ಈಡಿಪಸ್ ನಾಟಕವನ್ನೇ ಉದಾಹರಣೆ ಕೊಡುತ್ತಾನೆ.

ಟೈರಿಸಿಯಸ್‌ನ ಮಾತಿನಿಂದ ತಲೆ ಕೆಟ್ಟ ಗಂಡನಿಗೆ ಜೊಕಾಸ್ಟಾ ಸಮಾಧಾನ ಹೇಳುತ್ತಾಳೆ. ದೈವವಾಣಿ ಎಲ್ಲ ಸುಳ್ಳು. ನನ್ನ ಮೊದಲ ಗಂಡ ಮಗನ ಕೈಯಲ್ಲಿ ಸಾಯುತ್ತಾನೆ ಅಂದಿದ್ದರು. ಅವನನ್ನು ಕೊಂದದ್ದು ಕಳ್ಳರು, ಮೂರು ದಾರಿ ಕೂಡುವ ಕಡೆ. ಧೈರ್ಯ ಕೊಡಲು ಆಡಿದ ಮಾತಿದು. ಆದರೆ ‘ಮೂರು ದಾರಿ’ ಅಂದದ್ದೇ ಈಡಿಪಸ್ ತಡೆದು ನಿಲ್ಲುತ್ತಾನೆ. ಯಾವ ಊರ ಹತ್ತಿರ? ಎಷ್ಟು ವರ್ಷ ಆಯಿತು? ಅವನು ನೋಡಲು ಹೇಗಿದ್ದ? ಒಂದೊಂದೇ ಕೇಳುತ್ತಾನೆ. ಆ ದಿನ ಒಬ್ಬ ಆಳು ಮಾತ್ರ ತಪ್ಪಿಸಿಕೊಂಡು ಬಂದಿದ್ದ. ಬಂದು ನೋಡಿದರೆ ಸಿಂಹಾಸನದಲ್ಲಿ ಈಡಿಪಸ್. ಕೂಡಲೇ ರಾಣಿಯ ಕೈ ಹಿಡಿದು, ನನ್ನನ್ನು ದೂರದ ಹೊಲಕ್ಕೆ ಕಳಿಸಿ, ಈ ಊರು ಕಣ್ಣಿಗೇ ಬೀಳಬಾರದು ಅಂತ ಬೇಡಿಕೊಂಡಿದ್ದ. ರಾಣಿ ಇದನ್ನು ಸಹಜವಾಗಿ ಹೇಳುತ್ತಾಳೆ. ಅವನು ಯಾಕೆ ಬೇಡಿಕೊಂಡ ಅಂತ ನಮಗೆ ಹೊಳೆದುಬಿಡುತ್ತದೆ. ಅವನನ್ನು ಕರೆಸಿ ಅನ್ನುತ್ತಾನೆ ಈಡಿಪಸ್.

ಅಷ್ಟರಲ್ಲಿ ಕೊರಿಂತ್‌ನಿಂದ ಒಬ್ಬ ಮುದುಕ ಬರುತ್ತಾನೆ. ಪಾಲಿಬಸ್ ವಯಸ್ಸಾಗಿ ತೀರಿಕೊಂಡ, ನೀನೇ ಅಲ್ಲಿಯೂ ರಾಜ. ಈಡಿಪಸ್‌ಗೆ ನಿರಾಳ. ಅಪ್ಪ ತಾನಾಗೇ ಸತ್ತ, ನಾನು ಕೊಲ್ಲಲಿಲ್ಲ! ಆದರೂ ತಾಯಿ ಇನ್ನೂ ಇದ್ದಾಳಲ್ಲ, ಆ ಹೆದರಿಕೆ ಇದೆ ಅನ್ನುತ್ತಾನೆ. ಪಾಪ, ಬಂದವನು ಒಳ್ಳೆಯ ಮನುಷ್ಯ. ಅಷ್ಟಕ್ಕೆ ಯಾಕೆ ಹೆದರುತ್ತೀ, ಅವರು ನಿನ್ನ ಹೆತ್ತವರೇ ಅಲ್ಲ, ನಿನ್ನನ್ನು ಗುಡ್ಡದಲ್ಲಿ ಕೈಯಾರೆ ತೆಗೆದುಕೊಂಡವನು ನಾನು, ನಿನ್ನ ಹಿಮ್ಮಡಿಯ ಗಾಯ ಬಿಚ್ಚಿದವನೂ ನಾನು ಅನ್ನುತ್ತಾನೆ.

ಬೀಗರ ಮನೆಯಲ್ಲಿ ಯಾರೋ ಹಿರಿಯರು ಮನಸ್ತಾಪ ಕಳೆಯಲಿ ಅಂತ ಬಾಯಿ ತೆಗೆದು, ಮೂವತ್ತು ವರ್ಷ ಮುಚ್ಚಿಟ್ಟ ಮಾತನ್ನು ಆಡಿಬಿಟ್ಟಾಗ ಪಡಸಾಲೆ ಹೇಗೆ ತಣ್ಣಗಾಗುತ್ತದೆ, ಹಾಗೆ.

ಇಲ್ಲಿ ಮೊದಲು ಗೊತ್ತಾಗುವುದು ಈಡಿಪಸ್‌ಗೆ ಅಲ್ಲ. ಪಕ್ಕದಲ್ಲಿ ನಿಂತ ಜೊಕಾಸ್ಟಾಗೆ. ಗಂಡನಿಗಾಗಿ ಪ್ರಾರ್ಥನೆ ಮಾಡಲು ಹೂಮಾಲೆ, ಧೂಪ ಹಿಡಿದು ಹೊರಗೆ ಬಂದವಳು ಅವಳು. ಮುದುಕನೂ ಈಡಿಪಸ್ಸೂ ಮಾತಾಡುವಾಗ 60-70 ಸಾಲು ಅವಳು ಒಂದು ಮಾತೂ ಆಡುವುದಿಲ್ಲ. ಆಮೇಲೆ ಬಾಯಿ ತೆರೆದರೆ ಒಂದೇ ಬೇಡಿಕೆ: ದೇವರಾಣೆ, ಇದನ್ನು ಇಲ್ಲಿಗೇ ಬಿಡು, ಮುಂದೆ ಕೇಳಬೇಡ. ತಾನು ಕೀಳು ಮನೆತನದವನು ಅಂತ ಗೊತ್ತಾದರೆ ಇವಳಿಗೆ ನಾಚಿಕೆ, ಅದಕ್ಕೇ ಹೀಗೆ ಅಂತಿದ್ದಾಳೆ ಅಂದುಕೊಳ್ಳುತ್ತಾನೆ ಈಡಿಪಸ್. ಅವಳು ಒಳಗೆ ಹೋಗುತ್ತಾಳೆ. ಮತ್ತೆ ಬರುವುದಿಲ್ಲ.

ಇಳಕಲ್ ಸೀರೆಯ ಕೊಂಡಿ

ಕೊನೆಗೆ ಆ ಆಳು ಬರುತ್ತಾನೆ. ಕೊಲೆಯ ದಿನ ತಪ್ಪಿಸಿಕೊಂಡವನು ಅವನೇ. ಕೂಸನ್ನು ಗುಡ್ಡಕ್ಕೆ ಒಯ್ದ ಕುರುಬನೂ ಅವನೇ. ಕೂಸನ್ನು ಇಸಿದುಕೊಂಡವನು ಈಗ ಸುದ್ದಿ ತಂದ ಕೊರಿಂತ್‌ನ ಮುದುಕನೇ. ಇದು ಜಾಸ್ತಿ ಆಯಿತು ಅಲ್ವಾ, ಇಷ್ಟೆಲ್ಲ ಕೂಡಿ ಬರುತ್ತದಾ ಅಂತ ಹುಡುಗಿ ಕೇಳಿದಳು. ನ್ಯಾಯವಾದ ಪ್ರಶ್ನೆ.

ಇಳಕಲ್ ಸೀರೆ ನೇಯುವ ಕಡೆ ಹೋಗಿದ್ದರೆ ನೋಡಿರುತ್ತೀರಿ. ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲಿಗೆ ಹತ್ತಿ ಎಳೆ ಹಾಕಿದರೂ ಸೆರಗಿಗೆ ರೇಷ್ಮೆ. ಎರಡನ್ನೂ ಕೂಡಿಸುವಾಗ ಒಡಲಿನ ಎಳೆಯನ್ನು ಸೆರಗಿನ ಎಳೆಗೆ ಕುಣಿಕೆ ಹಾಕಿ ಸಿಕ್ಕಿಸುತ್ತಾರೆ. ಸಾವಿರಾರು ಎಳೆ, ಒಂದೊಂದನ್ನೇ ಬೆರಳ ತುದಿಯಲ್ಲಿ. ಅದಕ್ಕೆ ಕೊಂಡಿ ಅನ್ನುತ್ತಾರೆ. ನೇಯ್ದು ಮುಗಿದ ಮೇಲೆ ಎರಡು ಬೇರೆ ಹಾಸು ಇದ್ದವು ಅಂತ ಉಟ್ಟವರಿಗೆ ನೆನಪೂ ಬರುವುದಿಲ್ಲ.

ಈಡಿಪಸ್ ಒಂದೇ ಪ್ರಶ್ನೆ ಹಿಡಿದು ಹೊರಟವನು: ಲೇಯಸ್‌ನನ್ನು ಕೊಂದವರು ಯಾರು? ನಡುವೆ ಇನ್ನೊಂದು ಪ್ರಶ್ನೆ ಸೇರಿತು: ನಾನು ಯಾರ ಮಗ? ಎರಡು ಬೇರೆ ಬೇರೆ ಹಾಸು. ಕುರುಬ ಅದರ ಕೊಂಡಿ. ಎರಡಕ್ಕೂ ಉತ್ತರ ಅವನ ಬಾಯಲ್ಲಿದೆ. ಅವನನ್ನು ಕರೆಸಿದ್ದು ಕೊಲೆಯ ಬಗ್ಗೆ ಕೇಳಲು. ಬಂದ ಮೇಲೆ ಕೊಲೆಯ ಬಗ್ಗೆ ಯಾರೂ ಕೇಳುವುದೇ ಇಲ್ಲ, ಗಮನಿಸಿ. ಎರಡನೆಯ ಪ್ರಶ್ನೆಗೆ ಉತ್ತರ ಬಂದರೆ ಮೊದಲನೆಯದು ಕೇಳಬೇಕಾಗಿಯೇ ಇಲ್ಲ.

ನಿಜ, ಜೀವನದಲ್ಲಿ ಇಷ್ಟು ಕೂಡಿ ಬರುವುದು ಕಡಿಮೆ. ಆದರೆ ಅರಿಸ್ಟಾಟಲ್ ಕೇಳುವುದು ಬೇರೆ. ಒಂದಾದ ಮೇಲೆ ಒಂದು ಬಂತು ಅನ್ನುವುದು ಸಾಲದು, ಒಂದರಿಂದ ಒಂದು ಬರಬೇಕು. ಯಾವುದಾದರೂ ತುಂಡು ತೆಗೆದರೆ ಇಡೀ ಹಂದರ ಅಲುಗಬೇಕು. ನಮ್ಮ ಬನಶಂಕರಿ ಜಾತ್ರೆಯ ಕಂಪನಿ ನಾಟಕಗಳಲ್ಲಿ ನಡುವೆ ಎದ್ದು ಹೋಗಿ ಚಹಾ ಕುಡಿದು, ಗಿರ್ಮಿಟ್ ತಿಂದು ಬಂದರೂ ಏನೂ ತಪ್ಪಿದ ಹಾಗೆ ಆಗುವುದಿಲ್ಲ. ಅಲ್ಲಿ ಹಾಡಿನ ರುಚಿ ಬೇರೆ, ಹಾಸ್ಯದ ರುಚಿ ಬೇರೆ, ಒಂದೊಂದು ದೃಶ್ಯಕ್ಕೂ ಅದರದೇ ಸುಖ ಇದೆ. ಬೆಳತನಕ ಆಡುವ ಆಟಕ್ಕೆ ಅದು ಬೇಕು. ಈಡಿಪಸ್‌ನಲ್ಲಿ ಮಾತ್ರ ಒಂದು ಕಂಬ ಕಿತ್ತರೂ ಹಂದರ ಕುಸಿಯುತ್ತದೆ. ‘ಮೂರು ದಾರಿ’ ಅನ್ನುವ ಮಾತು ತೆಗೆಯಿರಿ, ನಾಟಕ ಅಲ್ಲಿಗೇ ನಿಲ್ಲುತ್ತದೆ.

ತಪ್ಪು ಯಾರದು? ವಿಧಿಯದಾ?

ಇದೇ ಎಲ್ಲರೂ ಎಡವುವ ಜಾಗ. ಎಲ್ಲ ಮೊದಲೇ ಬರೆದಿದೆ, ಪಾಪ ಅವನೇನು ಮಾಡಿಯಾನು ಅಂತ ಉತ್ತರ ಪತ್ರಿಕೆಯಲ್ಲಿ ಬರೆದುಬಿಡುತ್ತಾರೆ. ನಿಧಾನವಾಗಿ ಬಿಡಿಸಿ ನೋಡೋಣ.

ಡೆಲ್ಫಿಯಲ್ಲಿ ಅವನಿಗೆ ಬಂದ ವಾಣಿ ಏನು? ಅಪ್ಪನ ಕೊಲೆ, ತಾಯಿಯ ಜೊತೆ ಮದುವೆ. ಅದೆರಡೂ ನಾಟಕ ಶುರುವಾಗುವ ಮುಂಚೆಯೇ ಮುಗಿದಿದೆ. ಇವತ್ತು ಈ ಅಂಗಳದಲ್ಲಿ ನಿಂತು ಅದನ್ನು ಅಗೆದು ತೆಗೆಯಬೇಕು ಅಂತ ಆ ವಾಣಿ ಹೇಳಿರಲಿಲ್ಲ. ಅಗೆದವನು ಈಡಿಪಸ್. ಒಳಗೆ ಹೋಗೋಣವಾ ಅಂತ ಕ್ರಿಯಾನ್ ಕೇಳಿದ. ಮನೆಗೆ ಬಿಡು ಅಂತ ಟೈರಿಸಿಯಸ್ ಅಂದ. ಕೇಳಬೇಡ ಅಂತ ಜೊಕಾಸ್ಟಾ ಕಾಲಿಗೆ ಬೀಳುವಷ್ಟು ಬೇಡಿದಳು. ಇನ್ನು ಸಾಕು ದೊರೆ ಅಂತ ಕುರುಬನೂ ಕೈ ಮುಗಿದ. ನಾಲ್ಕು ಕಡೆ ಬಾಗಿಲು ತೆರೆದಿತ್ತು. ನಾಲ್ಕನ್ನೂ ದಾಟಿ ಹೋದ. ಯಾಕೆ? ಸಿಟ್ಟು ಇದೆ, ಅವಸರ ಇದೆ, ನಿಜ. ಆದರೆ ಮುಖ್ಯ ಕಾರಣ, ಪ್ರಶ್ನೆ ಎದುರಿಗೆ ಬಂದರೆ ಬಿಡದ ಮನುಷ್ಯ ಅವನು. ಅದೇ ಗುಣದಿಂದ ಸ್ಫಿಂಕ್ಸ್‌ನ ಒಗಟು ಬಿಡಿಸಿದ, ಊರು ಉಳಿಸಿದ. ಅದೇ ಗುಣದಿಂದ ಇವತ್ತೂ ಊರು ಉಳಿಸುತ್ತಿದ್ದಾನೆ. ಕಳೆದ ಎತ್ತಿನ ಹೆಜ್ಜೆ ಹಿಡಿದು ಹೊರಟವನು ತನ್ನ ಕೊಟ್ಟಿಗೆಗೇ ಬಂದು ನಿಂತ ಹಾಗಾಯಿತು.

ಅರಿಸ್ಟಾಟಲ್ ಇದಕ್ಕೆ ಹಮಾರ್ಷಿಯ ಅನ್ನುವ ಶಬ್ದ ಬಳಸುತ್ತಾನೆ. ದೋಷ, ಪಾಪ ಅಂತ ಅನುವಾದ ಮಾಡಿದವರಿದ್ದಾರೆ. ಬಾಣ ಬಿಟ್ಟಾಗ ಗುರಿ ತಪ್ಪುವುದಕ್ಕೆ ಗ್ರೀಕರು ಬಳಸುತ್ತಿದ್ದ ಮಾತಿನಿಂದ ಬಂದದ್ದು ಅದು. ಕೆಟ್ಟವನು ಕೆಟ್ಟರೆ ನಮಗೆ ಮರುಕ ಬರುವುದಿಲ್ಲ, ಏನೂ ತಪ್ಪು ಮಾಡದವನು ಸುಮ್ನೆ ಹಾಳಾದರೆ ನೋಡಲಿಕ್ಕೇ ಆಗುವುದಿಲ್ಲ. ನಡುವಿನವನು ಬೇಕು, ನಮ್ಮ ಹಾಗಿರುವವನು, ಸರಿ ಅಂದುಕೊಂಡೇ ಬಾಣ ಬಿಟ್ಟವನು. ಅವನಿಗಾಗಿ ಮರುಕ ಬರುತ್ತದೆ, ನಮಗೂ ಹೀಗಾದರೆ ಅಂತ ಹೆದರಿಕೆಯೂ ಬರುತ್ತದೆ. ಈ ಎರಡೂ ಮನಸ್ಸಿನಲ್ಲಿ ತುಂಬಿ ಹರಿದು ಹೋಗುವುದನ್ನೇ ಅವನು ಕೆಥಾರ್ಸಿಸ್ ಅಂದ.

ಈಗ ಮುಧೋಳಕ್ಕೆ ಬನ್ನಿ. ದುರ್ಯೋಧನ ಸಂಜಯನ ಕೈ ಹಿಡಿದು ಹೆಣಗಳ ನಡುವೆ ನಡೆಯುತ್ತಾನೆ. ತಂದೆ-ತಾಯಿ ಬಂದು ಸಂಧಿ ಮಾಡಿಕೋ ಅನ್ನುತ್ತಾರೆ. ಭೀಷ್ಮ ಅನ್ನುತ್ತಾನೆ. ಅವನಿಗೂ ಬಾಗಿಲು ತೆರೆದೇ ಇದೆ. ‘ನೆಲಕಿರಿವೆನೆಂದು ಬಗೆದಿರೆ, ಚಲಕಿರಿವೆಂ’ ಅನ್ನುತ್ತಾನೆ. ನಾನು ನೆಲಕ್ಕಾಗಿ ಹೋರಾಡುತ್ತೇನೆ ಅಂದುಕೊಂಡಿರಾ? ಛಲಕ್ಕಾಗಿ. ಕರ್ಣನನ್ನು ಕೊಲ್ಲಿಸಿದ ಈ ನೆಲದ ಜೊತೆ ನಾನು ಮತ್ತೆ ಬಾಳುವೆನೇ? ಕೆಟ್ಟದ್ದು ಮಾಡಿದವನು ಅಂತ ನಮಗೆ ಗೊತ್ತು, ದ್ರೌಪದಿಯ ಸೀರೆ ನಾವು ಮರೆತಿಲ್ಲ. ಆದರೆ ಆ ಮಾತು ಕೇಳಿದಾಗ ಗಂಟಲು ಕಟ್ಟುತ್ತದೆ. ಗೆಳೆಯನನ್ನು ಪ್ರೀತಿಸಿದ ಗುಣವೇ ಉಳಿಯುವ ದಾರಿ ಮುಚ್ಚುತ್ತಿದೆ. ರನ್ನ ತನ್ನ ದೊರೆ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿ ಬರೆದ ಕಾವ್ಯ ಇದು, ಭೀಮನೇ ನಾಯಕ. ಓದಿ ಮುಗಿಸಿದಾಗ ಮನಸ್ಸಿನಲ್ಲಿ ಉಳಿಯುವುದು ದುರ್ಯೋಧನ.

ಕರ್ಣನ ಹೆಣದ ಮುಂದೆ ಅವನು ಆಡುವ ಇನ್ನೊಂದು ಮಾತು ಇದೆ. ನೀನು ಯಾರ ಮಗ ಅಂತ ನಾನು ಬಲ್ಲೆ, ಕುಂತಿ ಬಲ್ಲಳು, ಕೃಷ್ಣ ಬಲ್ಲ, ಸೂರ್ಯ ಬಲ್ಲ, ಸಹದೇವ ಬಲ್ಲ, ಬೇರೆ ಯಾರೂ ಅರಿಯರು. ಯಾರಿಗೆ ಏನು ಗೊತ್ತು ಅನ್ನುವ ಪಟ್ಟಿಯನ್ನೇ ಕವಿ ಪದ್ಯ ಮಾಡಿಬಿಟ್ಟಿದ್ದಾನೆ. ಅಣ್ಣನನ್ನು ಕೊಂದೆವು ಅಂತ ಗೆದ್ದವರಲ್ಲಿ ಎಷ್ಟು ಜನಕ್ಕೆ ಗೊತ್ತು? ಆ ಪಟ್ಟಿಯಲ್ಲಿ ಅರ್ಜುನ ಇಲ್ಲ.

ಹಿಮ್ಮೇಳ ಮತ್ತು ಒಳಮನೆ

ಗ್ರೀಕ್ ನಾಟಕದಲ್ಲಿ ದೃಶ್ಯ ಮುಗಿದಾಗಲೆಲ್ಲ ಮೇಳದವರು ಹಾಡುತ್ತಾರೆ, ಕುಣಿಯುತ್ತಾರೆ. ಸೊಫೊಕ್ಲಿಸ್ ಕಾಲಕ್ಕೆ 15 ಜನ. ಮಾತಾಡುವ ನಟರು ಮೂರೇ ಜನ, ಮುಖವಾಡ ಬದಲಿಸಿ ಎಲ್ಲ ಪಾತ್ರ ಮಾಡುತ್ತಿದ್ದರು. ನಮ್ಮ ಹಿಮ್ಮೇಳ ನೆನಪಿಸಿಕೊಳ್ಳಿ, ಆದರೆ ಒಂದು ವ್ಯತ್ಯಾಸ ಇದೆ. ಈ ಮೇಳದವರು ಕಥೆಯ ಒಳಗಿನವರು, ಥೀಬ್ಸ್‌ನ ಹಿರಿಯರು. ಅವರೂ ಹೆದರುತ್ತಾರೆ, ರಾಜನ ಪರ ವಹಿಸುತ್ತಾರೆ, ಅನುಮಾನ ಪಡುತ್ತಾರೆ. ಗಂಟು ಬಿಗಿಯುತ್ತಿರುವಾಗ ನಮಗೆ ಉಸಿರು ಬಿಡಲು ಜಾಗ ಕೊಡುವವರು ಅವರೇ.

ಸಾವು ಮಾತ್ರ ಕಣ್ಣೆದುರು ಆಗುವುದಿಲ್ಲ. ಜೊಕಾಸ್ಟಾ ನೇಣು ಹಾಕಿಕೊಂಡದ್ದು, ಅವಳ ಬಟ್ಟೆಯ ಚಿನ್ನದ ಪಿನ್ನು ಕಿತ್ತು ಈಡಿಪಸ್ ತನ್ನ ಕಣ್ಣು ಚುಚ್ಚಿಕೊಂಡದ್ದು, ಎರಡನ್ನೂ ಒಬ್ಬ ಆಳು ಒಳಗಿನಿಂದ ಓಡಿ ಬಂದು ಹೇಳುತ್ತಾನೆ. ಸಂಸ್ಕೃತ ನಾಟಕದವರೂ ಸಾವನ್ನು ವೇದಿಕೆ ಮೇಲೆ ತರುತ್ತಿರಲಿಲ್ಲ. ಭಾಸನ ‘ಊರುಭಂಗ’ ಅದಕ್ಕೆ ಹೊರತು, ಅಲ್ಲಿ ಸಾಯುವವನೂ ದುರ್ಯೋಧನನೇ. ಕಂಡದ್ದಕ್ಕಿಂತ ಕೇಳಿದ್ದು ಜಾಸ್ತಿ ಕಾಡುತ್ತದೆ, ಇದು ಮನೆಯಲ್ಲಿ ಸಾವು ಕಂಡವರಿಗೆಲ್ಲ ಗೊತ್ತು. ಕಣ್ಣು ಕಳೆದುಕೊಂಡು ಹೊರಗೆ ಬಂದ ಈಡಿಪಸ್ ಹೇಳುತ್ತಾನೆ: ನೋವು ತಂದವನು ಡೆಲ್ಫಿಯ ದೇವರು ಅಪೊಲೊ, ಆದರೆ ಹೊಡೆದ ಕೈ ನನ್ನದೇ. ವಿಧಿಯಾ, ಮನುಷ್ಯನಾ ಅನ್ನುವ ಜಗಳಕ್ಕೆ ನಾಟಕವೇ ಕೊಟ್ಟ ಉತ್ತರ ಅದು.

ಪಿರಮಿಡ್ ಚಿತ್ರ ಬರೆಯಬೇಕಾ?

ನೋಟ್‌ಬುಕ್‌ನಲ್ಲಿ ಒಂದು ತ್ರಿಕೋನ ಇತ್ತು. ಆರಂಭ, ಏರಿಕೆ, ತುದಿ, ಇಳಿಕೆ, ಕೊನೆ. ಗುಸ್ತಾವ್ ಫ್ರೈಟಾಗ್ ಅನ್ನುವ ಜರ್ಮನ್ ಲೇಖಕ 1863ರಲ್ಲಿ ಕೊಟ್ಟ ಚಿತ್ರ. ಐದು ಅಂಕದ ನಾಟಕಗಳಿಗೆ ಚೆನ್ನಾಗಿ ಹೊಂದುತ್ತದೆ. ಈಡಿಪಸ್‌ಗೆ ಹಚ್ಚಿದರೆ ತುದಿ ನಡುವೆ ಬರುವುದಿಲ್ಲ, ಹೆಚ್ಚು-ಕಡಿಮೆ ಕೊನೆಗೆ ಹೋಗುತ್ತದೆ. ಏರಿದ್ದು ಬಹಳ ಹೊತ್ತು, ಇಳಿದದ್ದು ಕ್ಷಣದಲ್ಲಿ. ಪರೀಕ್ಷೆಗೆ ಬೇಕಿದ್ದರೆ ಚಿತ್ರ ಬರೆ, ಆದರೆ ಈ ಮಾತನ್ನೂ ಪಕ್ಕದಲ್ಲಿ ಬರೆ ಅಂದೆ. ಅದಕ್ಕಿಂತ ಒಂದು ಹಾಳೆಯಲ್ಲಿ ಗೆರೆ ಎಳೆದು, ಒಂದೊಂದು ದೃಶ್ಯದ ಕೊನೆಗೆ ಯಾರಿಗೆ ಏನು ಗೊತ್ತಾಗಿದೆ ಅಂತ ಬರೆದುಕೊಂಡು ಹೋಗು. ನಮಗೆ, ಜೊಕಾಸ್ಟಾಗೆ, ಕುರುಬನಿಗೆ, ಎಲ್ಲರಿಗಿಂತ ಕೊನೆಗೆ ಈಡಿಪಸ್‌ಗೆ. ಅದೇ ಹಂದರ.

ಸಂಜೆ ಅವಳು ಅದನ್ನೇ ಬರೆಯುತ್ತ ಕೂತಿದ್ದಳು. ಜೊಕಾಸ್ಟಾಳ ಸಾಲಿಗೆ ಬಂದಾಗ ಪೆನ್ನು ನಿಲ್ಲಿಸಿದಳು.

“ಕಾಕಾ, ಈಕಿ ಮಾತಾಡದ ನಿಂತಾಗ ನಾ ಲೈಟ್ ರಾಜನ ಮ್ಯಾಲಷ್ಟ ಬಿಟ್ಟಿದ್ನಿ.”

“ಹೌದವ್ವಾ, ನಾನೂ ನಿನ್ನೆ ಅವಳನ್ನ ನೋಡಲಿಲ್ಲ,” ಅಂದೆ.

ಎರಡನೆಯ ರಾತ್ರಿ ನಾನು ಮತ್ತೆ ಹೋಗಿ ಕೂತೆ. ಕೊರಿಂತ್‌ನ ಮುದುಕ ಬಂದ, ರಾಜ ನಕ್ಕ, ಮಾತು ಶುರುವಾಯಿತು. ಇಬ್ಬರ ಮೇಲೂ ಬೆಳಕು ಜೋರಾಗಿತ್ತು. ಎಡಗಡೆ, ಕಂಬದ ಪಕ್ಕ, ಸಣ್ಣಗೆ ಇನ್ನೊಂದು ಬೆಳಕು ಹೊತ್ತಿತು. ಅಲ್ಲಿ ಇಳಕಲ್ ಸೀರೆ ಉಟ್ಟ ರಾಣಿ ಹೂವಿನ ತಟ್ಟೆ ಹಿಡಿದು ನಿಂತಿದ್ದಳು. ‘ಹಿಮ್ಮಡಿ’ ಅಂದ ಮುದುಕ. ತಟ್ಟೆ ಸ್ವಲ್ಪ ವಾಲಿತು. ಎರಡು ಸೇವಂತಿಗೆ ಉರುಳಿ ನೆಲಕ್ಕೆ ಬಿದ್ದವು. ರಾಜ ಇನ್ನೂ ಮಾತಾಡುತ್ತಲೇ ಇದ್ದ. ಮೈದಾನದಲ್ಲಿ ಕೂತ ಯಾರೂ ಅವನ ಕಡೆ ನೋಡುತ್ತಿರಲಿಲ್ಲ.